ನೆಟ್‌ವರ್ಕ್ ಪ್ರಿಂಟರ್ ಅಳವಡಿಕೆಯಲ್ಲಿ ಅನುಮತಿ ದೋಷ

ನೆಟ್‌ವರ್ಕ್ ಪ್ರಿಂಟರ್ ಅಳವಡಿಕೆಯಲ್ಲಿ ಅನುಮತಿ ದೋಷ ಎಂದರೆ, ಕಚೇರಿಯ ಜಾಲದಲ್ಲಿ ಹಂಚಿಕೊಂಡಿರುವ ಪ್ರಿಂಟರನ್ನು ಗಣಕಯಂತ್ರವೊಂದಕ್ಕೆ ಸೇರಿಸುವಾಗ ಆ ಕೆಲಸಕ್ಕೆ ಬಳಕೆದಾರರಿಗೆ ಅಧಿಕಾರವಿಲ್ಲವೆಂದು ಕಾರ್ಯಾಚರಣಾ ವ್ಯವಸ್ಥೆಯು ನಿರಾಕರಿಸುವ ಸ್ಥಿತಿ. ತೆರೆಯ ಮೇಲೆ ಪ್ರವೇಶವನ್ನು ನಿರಾಕರಿಸಲಾಗಿದೆ ಎಂಬ ಸಂದೇಶವೋ, ನಿರ್ವಾಹಕರ ಪಾಸ್‌ವರ್ಡ್ ಕೇಳುವ ಚೌಕವೋ, ಬರಿಯ ದೋಷಸಂಖ್ಯೆಯೋ ಕಾಣಿಸಿಕೊಳ್ಳುತ್ತದೆ. ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಪ್ರಿಂಟರ್ ಕೆಟ್ಟಿರುವುದಿಲ್ಲ, ಕೇಬಲ್ ಕಳಚಿರುವುದಿಲ್ಲ. ಪಕ್ಕದ ಮೇಜಿನಿಂದ ಅದೇ ಪ್ರಿಂಟರಿನಲ್ಲಿ ಮುದ್ರಣ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಪ್ರಿಂಟರನ್ನು ಆರಿಸಿ ಮತ್ತೆ ಹಚ್ಚುವುದರಿಂದ ಈ ದೋಷ ನಿವಾರಣೆಯಾಗುವುದಿಲ್ಲ.

ಕಚೇರಿಗಳಲ್ಲಿ ಇದರ ಮಹತ್ವ

ಕರ್ನಾಟಕದ ಭೂದಾಖಲೆಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯು 2000ದ ದಶಕದ ಆರಂಭದಲ್ಲಿ ರಾಜ್ಯದ ತಾಲ್ಲೂಕುಗಳಿಗೆ ವಿಸ್ತರಿಸಿದ ಮೇಲೆ, ಕೈಬರಹದ ಪಹಣಿಯ ಜಾಗಕ್ಕೆ ಗಣಕಯಂತ್ರದಿಂದ ಮುದ್ರಿಸಿದ ಪಹಣಿ ಬಂದಿತು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ನಾಡಕಚೇರಿಯಿಂದಲೂ, ಆಸ್ತಿಯ ನೋಂದಣಿ ಪತ್ರಗಳು ಕಾವೇರಿ ತಂತ್ರಾಂಶದ ಮೂಲಕ ಉಪನೋಂದಣಾಧಿಕಾರಿಗಳ ಕಚೇರಿಯಿಂದಲೂ ಮುದ್ರಿತ ರೂಪದಲ್ಲಿ ಜನರ ಕೈಸೇರುತ್ತವೆ. ಹೀಗೆ ಸರ್ಕಾರಿ ಸೇವೆಯ ಕೊನೆಯ ಹಂತ ಬಹುಪಾಲು ಪ್ರಿಂಟರಿನ ಬಳಿಯೇ ಮುಗಿಯುತ್ತದೆ. ಮಂಡ್ಯ ಜಿಲ್ಲೆಯನ್ನೇ ಉದಾಹರಣೆಗೆ ತೆಗೆದುಕೊಂಡರೆ, ಹೇಮಾವತಿ ದಡದ ಹೇಮಗಿರಿಯ ಸುತ್ತಲಿನ ಹಳ್ಳಿಯ ರೈತರಿಗೆ ತಾಲ್ಲೂಕು ಕೇಂದ್ರ ಕೃಷ್ಣರಾಜಪೇಟೆ. ದಾಖಲೆ ತೆರೆಯ ಮೇಲೆ ಸಿದ್ಧವಾಗಿದ್ದೂ ಕಾಗದದ ಮೇಲೆ ಬಾರದಿದ್ದರೆ, ಬಸ್ಸು ಹಿಡಿದು ಬಂದವರ ಒಂದು ದಿನದ ದುಡಿಮೆ ಹೋಗುತ್ತದೆ. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳ ಸುತ್ತಲಿನ ಹಳ್ಳಿಗಳವರಿಗೂ ಇದೇ ಮಾತು ಅನ್ವಯಿಸುತ್ತದೆ.

ಅಪಾಯದ ಇನ್ನೊಂದು ಮುಖವೂ ಇಲ್ಲಿಯೇ ಇದೆ. ಎದುರಿಗೆ ಸಾಲು ಬೆಳೆಯುತ್ತಿರುವಾಗ ದೋಷವನ್ನು ಹೇಗಾದರೂ ಮಾಯ ಮಾಡುವ ಒತ್ತಡವಿರುತ್ತದೆ. ಎಲ್ಲ ಸಿಬ್ಬಂದಿಗೂ ನಿರ್ವಾಹಕ ಅಧಿಕಾರ ಕೊಟ್ಟುಬಿಡುವುದು ಆಗ ತೋರುವ ಅತಿ ಸುಲಭದ ದಾರಿ. ಆದರೆ ಅದೇ ಗಣಕಯಂತ್ರದಲ್ಲಿ ಜನರ ಜಮೀನಿನ ದಾಖಲೆಯೂ ತೆರೆಯುತ್ತದೆ. ಭೂಮಿ ವ್ಯವಸ್ಥೆಯಲ್ಲಿ ಸಿಬ್ಬಂದಿಯನ್ನು ಬೆರಳಗುರುತಿನಿಂದ ದೃಢೀಕರಿಸುವ ಕ್ರಮವನ್ನು ತಂದದ್ದು ಯಾರು ಏನನ್ನು ತಿದ್ದಿದರೆಂಬುದು ನಿಶ್ಚಿತವಾಗಿರಲೆಂದು. ಒಂದು ಪ್ರಿಂಟರಿನ ಸಲುವಾಗಿ ಗಣಕಯಂತ್ರದ ಪೂರ್ಣ ಅಧಿಕಾರವನ್ನು ಎಲ್ಲರಿಗೂ ಬಿಟ್ಟುಕೊಟ್ಟರೆ ಅಂತಹ ಎಚ್ಚರಿಕೆಗಳ ಬುಡವೇ ಸಡಿಲವಾಗುತ್ತದೆ.

ದೋಷದ ಮೂಲ

ಪ್ರಿಂಟರ್ ಸೇರಿಸುವುದೆಂದರೆ ಪಟ್ಟಿಗೆ ಒಂದು ಹೆಸರು ಬರೆದುಕೊಂಡಷ್ಟು ಸರಳವೆಂದು ತೋರುತ್ತದೆ. ವಾಸ್ತವದಲ್ಲಿ ಅದರೊಳಗೆ ಡ್ರೈವರ್ ಎಂಬ ತಂತ್ರಾಂಶದ ಅಳವಡಿಕೆಯೂ ಸೇರಿದೆ. ಕಡತದ ಅಕ್ಷರ ಮತ್ತು ಚಿತ್ರಗಳನ್ನು ಆಯಾ ಪ್ರಿಂಟರಿಗೆ ತಿಳಿಯುವ ಆಜ್ಞೆಗಳಾಗಿ ಬದಲಿಸುವುದು ಡ್ರೈವರಿನ ಕೆಲಸ. ವಿಂಡೋಸ್‌ನಲ್ಲಿ ಮುದ್ರಣದ ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸಿ ಒಂದೊಂದಾಗಿ ಕಳುಹಿಸುವ ಸ್ಪೂಲರ್ ಎಂಬ ಸೇವೆಯು ಸಿಸ್ಟಮ್ ಖಾತೆಯ ಹೆಸರಿನಲ್ಲಿ, ಅಂದರೆ ಆ ಯಂತ್ರದ ಅತ್ಯುನ್ನತ ಅಧಿಕಾರದಲ್ಲಿ ನಡೆಯುತ್ತದೆ. ಡ್ರೈವರಿನ ಭಾಗಗಳು ಈ ಸ್ಪೂಲರಿನೊಳಗೆ ಸೇರಿಕೊಳ್ಳುತ್ತವೆ. ಹಾಗಾಗಿ ಬೇರೊಂದು ಯಂತ್ರದಿಂದ ಡ್ರೈವರನ್ನು ತಂದು ಹಾಕಿಕೊಳ್ಳುವುದೆಂದರೆ, ಹೊರಗಿನಿಂದ ಬಂದ ತಂತ್ರಾಂಶಕ್ಕೆ ಮನೆಯ ಎಲ್ಲ ಕೋಣೆಗಳ ಬೀಗದ ಕೈಯನ್ನು ಒಪ್ಪಿಸಿದಂತೆ.

ವಿಂಡೋಸ್‌ನ ಪಾಯಿಂಟ್ ಅಂಡ್ ಪ್ರಿಂಟ್ ಎಂಬ ಸೌಲಭ್ಯವು ಬಹುಕಾಲ ಈ ಹಸ್ತಾಂತರವನ್ನು ಬಳಕೆದಾರರ ಕಣ್ಣಿಗೆ ಬೀಳದಂತೆ ನಡೆಸಿಕೊಡುತ್ತಿತ್ತು. ಸಾಮಾನ್ಯ ಬಳಕೆದಾರರು ಪ್ರಿಂಟ್ ಸರ್ವರ್‌ನಲ್ಲಿರುವ ಪ್ರಿಂಟರಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಸಾಕು, ಡ್ರೈವರ್ ತಾನಾಗಿಯೇ ಬಂದು ಕೂರುತ್ತಿತ್ತು. ಆ ಅನುಕೂಲವೇ ಮುಂದೆ ದಾಳಿಕೋರರಿಗೂ ಅನುಕೂಲವಾಯಿತು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶವು ಹರಡಲು ಬಳಸಿಕೊಂಡ ದಾರಿಗಳಲ್ಲಿ ಸ್ಪೂಲರಿನ ದೋಷವೂ ಒಂದಾಗಿತ್ತು.

2021ರ ಬದಲಾವಣೆಗಳು

ಕಚೇರಿಗಳಲ್ಲಿ ಇಂದು ಕಾಣುವ ಅನುಮತಿ ದೋಷಗಳಲ್ಲಿ ಹಲವಕ್ಕೆ 2021ರ ಘಟನೆಗಳೇ ಕಾರಣ. ಆ ವರ್ಷದ ಜೂನ್ ಕೊನೆಯಲ್ಲಿ ಸ್ಪೂಲರಿನ ಗಂಭೀರ ದೋಷವೊಂದನ್ನು ಬಳಸಿಕೊಳ್ಳುವ ವಿಧಾನ ಸಾರ್ವಜನಿಕವಾಗಿ ಹೊರಬಿದ್ದಿತು. ಪ್ರಿಂಟ್‌ನೈಟ್‌ಮೇರ್ ಎಂಬ ಹೆಸರು ಪಡೆದ ಈ ದೋಷದ ಮೂಲಕ ಜಾಲದ ಯಾವುದೇ ಸಾಮಾನ್ಯ ಖಾತೆಯವರು ಡ್ರೈವರಿನ ವೇಷದಲ್ಲಿ ತಮ್ಮದೇ ತಂತ್ರಾಂಶವನ್ನು ಸಿಸ್ಟಮ್ ಅಧಿಕಾರದಲ್ಲಿ ನಡೆಸಬಹುದಾಗಿತ್ತು. ಮೈಕ್ರೋಸಾಫ್ಟ್ ಜುಲೈ 6ರಿಂದ ತುರ್ತು ಪರಿಷ್ಕರಣೆಗಳನ್ನು ಹೊರಡಿಸಿತು. 2020ರಲ್ಲೇ ಬೆಂಬಲ ಮುಗಿದಿದ್ದ ವಿಂಡೋಸ್ 7ಕ್ಕೂ ಪರಿಷ್ಕರಣೆ ಕೊಟ್ಟದ್ದು ವಿಷಯದ ಗಾಂಭೀರ್ಯವನ್ನು ತೋರಿಸುತ್ತದೆ.

ಆಗಸ್ಟ್ 10ರ ಪರಿಷ್ಕರಣೆಯು ನಿಯಮವನ್ನೇ ಬದಲಿಸಿತು. ಅಂದಿನಿಂದ ದೂರದ ಯಂತ್ರದಿಂದ ಹೊಸ ಡ್ರೈವರನ್ನು ತರಲು, ಇರುವ ಡ್ರೈವರನ್ನು ಅಲ್ಲಿಂದ ಪರಿಷ್ಕರಿಸಲು ನಿರ್ವಾಹಕ ಅಧಿಕಾರ ಕಡ್ಡಾಯವಾಯಿತು. ಸರ್ವರ್‌ನಲ್ಲಿರುವ ಡ್ರೈವರ್ ಒಂದು ಆವೃತ್ತಿ, ಬಳಕೆದಾರರ ಯಂತ್ರದಲ್ಲಿರುವುದು ಇನ್ನೊಂದು ಆವೃತ್ತಿಯಾದರೆ, ನಿನ್ನೆಯವರೆಗೆ ಮುದ್ರಿಸುತ್ತಿದ್ದವರಿಗೂ ಇಂದು ಪಾಸ್‌ವರ್ಡ್ ಕೇಳುವ ಚೌಕ ಎದುರಾಗುತ್ತದೆ. ಏನನ್ನೂ ಮುಟ್ಟಲಿಲ್ಲ, ಆದರೂ ನಿಂತುಹೋಯಿತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಸೆಪ್ಟೆಂಬರ್ 14ರ ಪರಿಷ್ಕರಣೆಯ ನಂತರ, ಕೊನೆಯಲ್ಲಿ 11ಬಿ ಎಂದು ಮುಗಿಯುವ ದೋಷಸಂಖ್ಯೆ ವ್ಯಾಪಕವಾಗಿ ಕಾಣಿಸಿಕೊಂಡಿತು. ಪ್ರಿಂಟ್ ಸರ್ವರ್ ಮತ್ತು ಬಳಕೆದಾರರ ಯಂತ್ರಗಳ ನಡುವಿನ ಸಂವಹನವು ಗೂಢಲಿಪೀಕರಣಗೊಂಡಿರಲೇಬೇಕೆಂದು ಆಗ ಕಡ್ಡಾಯವಾದುದರಿಂದ, ಎರಡರಲ್ಲಿ ಒಂದು ಹಳೆಯ ಸ್ಥಿತಿಯಲ್ಲಿ ಉಳಿದಿದ್ದರೂ ಸಂಪರ್ಕ ಮುರಿಯುತ್ತಿತ್ತು. 2022ರಲ್ಲಿ ಬಂದ ವಿಂಡೋಸ್ 11ರ ಪರಿಷ್ಕೃತ ಆವೃತ್ತಿಯು ಈ ಸಂವಹನದ ಮಾರ್ಗವನ್ನೂ ಬದಲಿಸಿತು. ಫೈರ್‌ವಾಲ್‌ನಲ್ಲಿ ಹೊಸ ಮಾರ್ಗಕ್ಕೆ ಅವಕಾಶವಿಲ್ಲದ ಕಚೇರಿಗಳಲ್ಲಿ ಅದರಿಂದಲೂ ಸಂಪರ್ಕ ದೋಷಗಳು ಹುಟ್ಟುತ್ತವೆ.

ದೋಷವನ್ನು ಗುರುತಿಸುವ ಕ್ರಮ

ಜಾಲದ ಪ್ರಿಂಟರನ್ನು ತಲುಪುವ ದಾರಿಯಲ್ಲಿ ಮೂರು ಬಾಗಿಲುಗಳಿವೆ ಎಂದು ಭಾವಿಸಬಹುದು. ಮೊದಲನೆಯದು ಸರ್ವರ್ ಯಂತ್ರದೊಳಕ್ಕೆ ಪ್ರವೇಶ. ಎರಡನೆಯದು ಆ ಪ್ರಿಂಟರನ್ನು ಬಳಸುವ ಹಕ್ಕು. ಮೂರನೆಯದು ಬಳಕೆದಾರರ ಸ್ವಂತ ಯಂತ್ರದಲ್ಲಿ ಡ್ರೈವರ್ ಅಳವಡಿಸುವ ಅಧಿಕಾರ. ಯಾವ ಬಾಗಿಲು ಮುಚ್ಚಿದೆ ಎಂದು ತಿಳಿಯದೆ ಕೈಗೊಳ್ಳುವ ಪರಿಹಾರಗಳು ಕತ್ತಲೆಯಲ್ಲಿ ಎಸೆದ ಕಲ್ಲಿನಂತಾಗುತ್ತವೆ.

ಓಡಿಸು ಎಂಬ ಚೌಕದಲ್ಲಿ ಎರಡು ಹಿಮ್ಮುಖ ಓರೆಗೆರೆಗಳ ನಂತರ ಸರ್ವರ್‌ನ ಹೆಸರು ಬರೆದು ತೆರೆದಾಗ ಹಂಚಿಕೆಯ ಪಟ್ಟಿಯೇ ಕಾಣಿಸದೆ ಪಾಸ್‌ವರ್ಡ್ ಕೇಳಿದರೆ ಮೊದಲನೆಯ ಬಾಗಿಲು ಮುಚ್ಚಿದೆ. ಪಟ್ಟಿ ಕಾಣಿಸಿ, ಪ್ರಿಂಟರನ್ನು ತೆರೆಯುವಾಗ ಮಾತ್ರ ನಿರಾಕರಣೆ ಬಂದರೆ ಉಳಿದ ಎರಡರಲ್ಲಿ ಒಂದು. ಆಗ ಅದೇ ಯಂತ್ರದಲ್ಲಿ ನಿರ್ವಾಹಕ ಅಧಿಕಾರವಿರುವ ಇನ್ನೊಂದು ಖಾತೆಯಿಂದ ಪ್ರಯತ್ನಿಸಿ ನೋಡಬೇಕು. ಆ ಖಾತೆಗೆ ಪ್ರಿಂಟರ್ ಸಿಕ್ಕರೆ, ಸಾಮಾನ್ಯವಾಗಿ ಕೊರತೆಯಿರುವುದು ಡ್ರೈವರ್ ಅಳವಡಿಸುವ ಅಧಿಕಾರದಲ್ಲಿ. ಅದಕ್ಕೂ ನಿರಾಕರಣೆ ಬಂದರೆ ಸರ್ವರ್‌ನ ಕಡೆಯನ್ನು ಪರಿಶೀಲಿಸಬೇಕು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಪ್ರಿಂಟ್‌ಸರ್ವಿಸ್ ಎಂಬ ವಿಭಾಗವಿದ್ದು, ಸೋತ ಪ್ರಯತ್ನಗಳ ಕಾರಣ ಅಲ್ಲಿ ದಾಖಲಾಗಿರುತ್ತದೆ. ಅದರಲ್ಲಿ ವಿವರವಾದ ದಾಖಲೆಯು ಮೂಲಸ್ಥಿತಿಯಲ್ಲಿ ನಿಷ್ಕ್ರಿಯವಾಗಿರುವುದರಿಂದ ಅದನ್ನು ಮೊದಲು ಸಕ್ರಿಯಗೊಳಿಸಿಕೊಳ್ಳಬೇಕು.

ಪರಿಹಾರಗಳು

ಸಣ್ಣ ಕಚೇರಿಗಳಲ್ಲಿ ಪ್ರತ್ಯೇಕ ಸರ್ವರ್ ಇರುವುದು ಅಪರೂಪ. ಮೂಲೆಯ ಮೇಜಿನ ಗಣಕಯಂತ್ರಕ್ಕೆ ಯುಎಸ್‌ಬಿ ತಂತಿಯಿಂದ ಪ್ರಿಂಟರ್ ಜೋಡಿಸಿ, ಉಳಿದವರೆಲ್ಲ ಅದರ ಮೂಲಕ ಮುದ್ರಿಸುವುದೇ ರೂಢಿ. ಇಲ್ಲಿ ಮೊದಲನೆಯ ಬಾಗಿಲಿನದೇ ತಕರಾರು ಹೆಚ್ಚು, ಮತ್ತು ಅದರ ಕಾರಣ ತೀರ ಸಣ್ಣದಿರಬಹುದು: ಮೂಲೆಯ ಯಂತ್ರದ ಖಾತೆಗೆ ಪಾಸ್‌ವರ್ಡ್ ಇಟ್ಟೇ ಇರುವುದಿಲ್ಲ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ಆ ಯಂತ್ರದ ಎದುರು ಕುಳಿತವರು ಮಾತ್ರ ಬಳಸಬಹುದು, ಜಾಲದ ಮೂಲಕ ಬಳಸುವಂತಿಲ್ಲ ಎಂಬುದು ವಿಂಡೋಸ್‌ನ ಮೂಲನಿಯಮ. ಮೂಲೆಯ ಯಂತ್ರದಲ್ಲಿ ಮುದ್ರಣಕ್ಕೆಂದೇ ಒಂದು ಸಾಮಾನ್ಯ ಖಾತೆಯನ್ನು ತೆರೆದು, ಅದಕ್ಕೆ ಪಾಸ್‌ವರ್ಡ್ ಇಟ್ಟು, ಉಳಿದ ಯಂತ್ರಗಳ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಆ ಹೆಸರು ಮತ್ತು ಪಾಸ್‌ವರ್ಡನ್ನು ಒಮ್ಮೆ ಬರೆದಿಟ್ಟರೆ ತೊಡಕು ಬಗೆಹರಿಯುತ್ತದೆ. ಪಾಸ್‌ವರ್ಡ್ ಬದಲಿಸಿದ ಮೇಲೆ ಹಳೆಯದೇ ಅಲ್ಲಿ ಉಳಿದುಕೊಂಡಿದ್ದರೂ ಇದೇ ದೋಷ ಬರುತ್ತದೆ.

ಎರಡನೆಯ ಬಾಗಿಲಿನ ಪರಿಹಾರ ಸರಳ. ಸರ್ವರ್‌ನಲ್ಲಿ ಪ್ರಿಂಟರಿನ ಗುಣಲಕ್ಷಣಗಳ ಭದ್ರತಾ ಪುಟದಲ್ಲಿ ಮುದ್ರಿಸುವ, ಪ್ರಿಂಟರನ್ನು ನಿರ್ವಹಿಸುವ ಮತ್ತು ಕಡತಗಳನ್ನು ನಿರ್ವಹಿಸುವ ಹಕ್ಕುಗಳು ಬೇರೆಬೇರೆಯಾಗಿವೆ. ಸಿಬ್ಬಂದಿಯ ಗುಂಪಿಗೆ ಮೊದಲನೆಯದು ಸಾಕು. ನಿರಾಕರಣೆಯ ಗುರುತು ಯಾವ ಗುಂಪಿನ ಮೇಲಾದರೂ ಇದ್ದರೆ ಅದು ಅನುಮತಿಯನ್ನು ಮೀರಿ ನಿಲ್ಲುತ್ತದೆ ಎಂಬುದನ್ನು ನೆನಪಿಡಬೇಕು.

ಮೂರನೆಯ ಬಾಗಿಲಿಗೆ ಸರಿಯಾದ ಪರಿಹಾರವೆಂದರೆ ಡ್ರೈವರ್ ಅಳವಡಿಕೆಯನ್ನು ಮುದ್ರಣದ ವೇಳೆಯಿಂದ ಬೇರ್ಪಡಿಸಿ ಮೊದಲೇ ಮುಗಿಸಿಡುವುದು. ನಿರ್ವಾಹಕರು ತಯಾರಕರ ಮೂಲದಿಂದ ಪಡೆದ, ಸಹಿಯುಳ್ಳ ಡ್ರೈವರನ್ನು ಎಲ್ಲ ಯಂತ್ರಗಳಲ್ಲೂ ಸರ್ವರ್‌ನಲ್ಲಿರುವ ಆವೃತ್ತಿಯಲ್ಲೇ ಅಳವಡಿಸಿಡುತ್ತಾರೆ. ಬಳಿಕ ಸಾಮಾನ್ಯ ಬಳಕೆದಾರರು ಸಂಪರ್ಕಿಸಿದಾಗ ದೂರದಿಂದ ತರಬೇಕಾದುದು ಏನೂ ಇರುವುದಿಲ್ಲ. ಆದುದರಿಂದ ಪಾಸ್‌ವರ್ಡ್ ಕೇಳುವ ಪ್ರಸಂಗವೂ ಬರುವುದಿಲ್ಲ. ಡೊಮೇನ್ ಇರುವ ದೊಡ್ಡ ಕಚೇರಿಗಳಲ್ಲಿ ಈ ಕೆಲಸವನ್ನು ಕೇಂದ್ರದಿಂದಲೇ ಮಾಡಬಹುದು. ಪ್ರಿಂಟರಿಗೆ ಸ್ವಂತ ಜಾಲಸಂಪರ್ಕವಿದ್ದರೆ ನಿರ್ವಾಹಕರು ಅದನ್ನು ಐಪಿ ವಿಳಾಸದ ಮೂಲಕ ಪ್ರತಿ ಯಂತ್ರಕ್ಕೂ ನೇರವಾಗಿ ಸೇರಿಸುವುದುಂಟು. ಆಗ ಸರ್ವರ್‌ನ ಎರಡು ಬಾಗಿಲುಗಳ ಪ್ರಶ್ನೆಯೇ ಉಳಿಯುವುದಿಲ್ಲ. ಆ ವಿಳಾಸ ದಿನಕ್ಕೊಂದು ಬಾರಿ ಬದಲಾಗದಂತೆ ರೂಟರ್‌ನಲ್ಲಿ ಕಾದಿರಿಸುವುದನ್ನು ಮರೆತರೆ ಮಾತ್ರ ಹೊಸ ತಾಪತ್ರಯ ಶುರುವಾಗುತ್ತದೆ.

11ಬಿ ದೋಷಕ್ಕೆ ಎರಡೂ ಬದಿಯ ಯಂತ್ರಗಳನ್ನು ಪರಿಷ್ಕರಿಸುವುದೇ ಮದ್ದು. ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯವನ್ನು ಸೊನ್ನೆ ಮಾಡಿದರೆ ದೋಷ ಹೋಗುತ್ತದೆಂಬ ಸಲಹೆ ಬಹಳ ಪ್ರಚಾರದಲ್ಲಿದೆ. ಅದು ನಿಜವೂ ಹೌದು. ಡ್ರೈವರ್ ನಿರ್ಬಂಧವನ್ನೂ ಹಾಗೆಯೇ ಸೊನ್ನೆ ಮಾಡಬಹುದು. ಆದರೆ ಮೊದಲನೆಯದು ಕಡ್ಡಾಯ ಗೂಢಲಿಪೀಕರಣವನ್ನು ತೆಗೆದುಹಾಕಿದರೆ, ಎರಡನೆಯದು ಪ್ರಿಂಟ್‌ನೈಟ್‌ಮೇರ್ ತೆರೆದ ದಾರಿಯನ್ನೇ ಮತ್ತೆ ತೆರೆಯುತ್ತದೆ. ತಾತ್ಕಾಲಿಕವೆಂದು ಮಾಡಿದ ಇಂತಹ ಬದಲಾವಣೆಯನ್ನು ಹಿಂತೆಗೆದುಕೊಳ್ಳಲು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಲಿನಕ್ಸ್ ಮತ್ತು ಮ್ಯಾಕ್

ಈ ವ್ಯವಸ್ಥೆಗಳಲ್ಲಿ ಮುದ್ರಣವನ್ನು ನಿರ್ವಹಿಸುವುದು ಕಪ್ಸ್ ಎಂಬ ತಂತ್ರಾಂಶ. ಮೈಕೆಲ್ ಸ್ವೀಟ್ ಆರಂಭಿಸಿದ ಇದರ ಮೊದಲ ಆವೃತ್ತಿ 1999ರಲ್ಲಿ ಹೊರಬಂದಿತು. 2007ರಲ್ಲಿ ಆಪಲ್ ಸಂಸ್ಥೆ ಅದರ ಮೂಲಸಂಕೇತವನ್ನು ಖರೀದಿಸಿತು. ಉಬುಂಟುವಿನಂತಹ ವ್ಯವಸ್ಥೆಗಳಲ್ಲಿ ಎಲ್‌ಪಿಅಡ್ಮಿನ್ ಎಂಬ ಗುಂಪಿನ ಸದಸ್ಯರು ಪ್ರಿಂಟರ್ ಸೇರಿಸಬಹುದು. 631ನೇ ಪೋರ್ಟ್‌ನಲ್ಲಿ ತೆರೆಯುವ ಕಪ್ಸ್‌ನ ಆಡಳಿತ ಪುಟದಲ್ಲಿ ನಿಷೇಧಿತ ಎಂಬ ಸಂದೇಶ ಕಂಡರೆ ಮೊದಲು ನೋಡಬೇಕಾದುದು ಈ ಸದಸ್ಯತ್ವವನ್ನು. ಇಲ್ಲಿನ ಅನುಕೂಲವೆಂದರೆ, ಯಂತ್ರದ ಪೂರ್ಣ ಅಧಿಕಾರ ಕೊಡದೆಯೇ ಪ್ರಿಂಟರುಗಳ ಅಧಿಕಾರವನ್ನಷ್ಟೇ ಒಬ್ಬರಿಗೆ ಒಪ್ಪಿಸಬಹುದು. ಸದಸ್ಯತ್ವ ಕೊಟ್ಟ ಮೇಲೆ ಬಳಕೆದಾರರು ಒಮ್ಮೆ ಹೊರಬಂದು ಮತ್ತೆ ಪ್ರವೇಶಿಸಬೇಕು.

ಕನ್ನಡ ಫಾಂಟುಗಳ ತೊಡಕು

ಪ್ರಿಂಟರ್ ಕೆಲಸ ಮಾಡತೊಡಗಿದ ಮೇಲೆ ಕನ್ನಡದ ಕಡತಗಳು ಮಾತ್ರ ಅರ್ಥವಾಗದ ಲಿಪಿಯಲ್ಲಿ ಮುದ್ರಣವಾದರೆ ಅದನ್ನು ಅನುಮತಿ ದೋಷವೆಂದು ತಿಳಿಯಬಾರದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಬರೆದ ಕಡತವು, ಆ ಫಾಂಟ್ ಇಲ್ಲದ ಯಂತ್ರದ ತೆರೆಯ ಮೇಲೆಯೇ ರೋಮನ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಆದರೂ ಇಲ್ಲಿ ಒಂದು ಸಂಬಂಧವಿದೆ. ವಿಂಡೋಸ್ 10ರ 2018ರ ಪರಿಷ್ಕರಣೆಗಳಿಗಿಂತ ಮೊದಲು ಫಾಂಟ್ ಅಳವಡಿಸುವುದಕ್ಕೂ ನಿರ್ವಾಹಕ ಅಧಿಕಾರ ಬೇಕಿತ್ತು. ಆದ್ದರಿಂದ ಹಳೆಯ ಯಂತ್ರಗಳಿರುವ ಕಚೇರಿಗಳಲ್ಲಿ ಡ್ರೈವರ್ ಹಾಕಲು ನಿರ್ವಾಹಕರು ಬಂದಾಗಲೇ ನುಡಿ ಫಾಂಟುಗಳನ್ನೂ ಹಾಕಿಸಿಕೊಳ್ಳುವುದು ಲೇಸು.

ಡ್ರೈವರ್‌ರಹಿತ ಮುದ್ರಣ

ಪ್ರತಿ ತಯಾರಕರಿಗೂ ಬೇರೆ ಡ್ರೈವರ್ ಎಂಬ ಪದ್ಧತಿಯಿಂದಲೇ ಹೊರಬರುವ ಪ್ರಯತ್ನಗಳು ಈಗ ಮುಂದುವರಿದಿವೆ. ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲನ್ನು ಆಧರಿಸಿದ ಆಪಲ್‌ನ ಏರ್‌ಪ್ರಿಂಟ್ 2010ರಲ್ಲಿ ಬಂದಿತು. 2013ರಲ್ಲಿ ಹಲವು ತಯಾರಕರು ಸೇರಿ ಮೋಪ್ರಿಯಾ ಒಕ್ಕೂಟವನ್ನು ಸ್ಥಾಪಿಸಿದರು. ಇವುಗಳಲ್ಲಿ ಪ್ರಿಂಟರೇ ತನ್ನ ಸಾಮರ್ಥ್ಯವನ್ನು ಗಣಕಯಂತ್ರಕ್ಕೆ ತಿಳಿಸುವುದರಿಂದ ಹೊರಗಿನ ಡ್ರೈವರ್ ಬೇಕಾಗುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತಯಾರಕರ ಡ್ರೈವರುಗಳಿಗೆ ನೀಡುತ್ತಿದ್ದ ಬೆಂಬಲವನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಪ್ರಕಟಿಸಿತು. 2024ರ ವಿಂಡೋಸ್ 11ರಲ್ಲಿ ಸಂರಕ್ಷಿತ ಮುದ್ರಣ ಎಂಬ ಐಚ್ಛಿಕ ವಿಧಾನವಿದೆ. ಅದನ್ನು ಚಾಲೂ ಮಾಡಿದರೆ ತಯಾರಕರ ಡ್ರೈವರನ್ನು ನೆಚ್ಚಿಕೊಂಡ ಹಳೆಯ ಪ್ರಿಂಟರುಗಳು ಪಟ್ಟಿಯಿಂದ ಮರೆಯಾಗುತ್ತವೆ. ಹತ್ತು ಹದಿನೈದು ವರ್ಷದ ಲೇಸರ್ ಪ್ರಿಂಟರುಗಳನ್ನೇ ದುಡಿಸಿಕೊಳ್ಳುತ್ತಿರುವ ಕಚೇರಿಗಳು ಇದನ್ನು ಚಾಲೂ ಮಾಡುವ ಮೊದಲು ತಮ್ಮ ಪ್ರಿಂಟರಿನ ಮಾದರಿಗೆ ಮೋಪ್ರಿಯಾ ಪ್ರಮಾಣೀಕರಣವಿದೆಯೇ ಎಂದು ಪರಿಶೀಲಿಸಬೇಕಾಗುತ್ತದೆ.