ಬೇಬಿ ಆಸ್ಟಿನ್: ನಾಲ್ವರ ಗಾಡಿಯೆಂಬ ಮಾತು ಎಷ್ಟು ನಿಜ?

ಸಂಸಾರಸ್ಥನು ಮೋಟಾರು ಗಾಡಿಯನ್ನು ಕೊಳ್ಳುವುದಕ್ಕೂ ಮನೆಯನ್ನು ಕಟ್ಟಿಸುವುದಕ್ಕೂ ಹೆಚ್ಚಿನ ಭೇದವಿಲ್ಲ. ಎರಡರಲ್ಲಿಯೂ ಹಣದ ಮಾತಿಗಿಂತ ಮೊದಲೇ ಏಳತಕ್ಕ ಪ್ರಶ್ನೆಯೊಂದುಂಟು: ನಮ್ಮ ಮನೆಮಂದಿಗೆಲ್ಲ ಇದರಲ್ಲಿ ಎಡೆಯಾದೀತೆ? ಮಾರುವವರು ನಾಲ್ಕು ಆಸನಗಳೆಂದು ಅಚ್ಚು ಹಾಕಿಸಿದ ಮಾತ್ರಕ್ಕೆ ನಾಲ್ವರು ಸುಖವಾಗಿ ಕುಳಿತಂತಾಗಲಿಲ್ಲ. ಚಿಕ್ಕ ಮೈಕಟ್ಟಿನ, ಅಗ್ಗದ ಬೆಲೆಯ, ಬೇಕೆಂದಾಗ ಟಾಪನ್ನು ಹಿಂದಕ್ಕೆ ಮಡಿಸಿ ಗಾಳಿಗೆ ಮುಖವೊಡ್ಡಿ ಹೋಗಬಹುದಾದ ಗಾಡಿಗಳ ವಿಷಯದಲ್ಲಂತೂ ಈ ಪ್ರಶ್ನೆಯನ್ನು ಎರಡು ಸಲ ಕೇಳಬೇಕು. ಆ ಜಾತಿಯ ಗಾಡಿಗಳಲ್ಲಿ ಹೆಸರಾದ ಇಂಗ್ಲೆಂಡಿನ ಆಸ್ಟಿನ್ ಸೆವೆನ್ ನಮ್ಮ ಹಿರಿಯರ ಬಾಯಲ್ಲಿಯೂ ಬೇಬಿ ಆಸ್ಟಿನ್ ಎಂದು ಉಳಿದಿದೆ. ಅದನ್ನು ಗೃಹಸ್ಥನ ಕಣ್ಣಿನಿಂದ ಪರೀಕ್ಷಿಸಿ ನೋಡೋಣ.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಆಸ್ಟಿನ್ ಕಂಪೆನಿಯು ದೊಡ್ಡ ಗಾಡಿಗಳನ್ನೇ ನಂಬಿ ಕೆಟ್ಟಿತು. ೧೯೨೧ರಲ್ಲಿ ಅದರ ಆಡಳಿತವು ಸಾಲಗಾರರ ಪರವಾದ ರಿಸೀವರ ಕೈಗೆ ಹೋಯಿತು. ಚಿಕ್ಕ ಗಾಡಿಯೊಂದನ್ನು ಮಾಡೋಣವೆಂದು ಹರ್ಬರ್ಟ್ ಆಸ್ಟಿನ್ನನು ಹೇಳಿದರೆ ನಿರ್ದೇಶಕರು ಒಪ್ಪಲಿಲ್ಲ. ಆತನು ಸ್ಟಾನ್ಲಿ ಎಡ್ಜ್ ಎಂಬ ಹದಿನೆಂಟು ವರ್ಷದ ನಕ್ಷೆಗಾರನನ್ನು ತನ್ನ ಮನೆಗೆ ಕರೆಸಿಕೊಂಡು, ಬಿಲಿಯರ್ಡ್ಸ್ ಆಡುವ ಕೋಣೆಯಲ್ಲಿಯೇ ನಕ್ಷೆಗಳನ್ನು ಬರೆಯಿಸಿದನು. ತನ್ನ ಸ್ವಂತ ಹಣವನ್ನೂ ಅದರಲ್ಲಿ ಹಾಕಿದನು. ಅದಕ್ಕೆ ಪ್ರತಿಯಾಗಿ ಮಾರಾಟವಾದ ಒಂದೊಂದು ಗಾಡಿಗೆ ಎರಡು ಗಿನಿಯಂತೆ ಅವನಿಗೆ ಸಲ್ಲಬೇಕೆಂದು ಏರ್ಪಾಡಾಯಿತು. ಗಾಡಿ ಜನರ ಕಣ್ಣಿಗೆ ಬಿದ್ದುದು ೧೯೨೨ರಲ್ಲಿ.

ಅದು ಅಷ್ಟು ಚಿಕ್ಕದಾದುದಕ್ಕೆ ಕರದ ಕಾಟವೂ ಒಂದು ಕಾರಣ. ೧೯೨೧ರಿಂದ ಇಂಗ್ಲೆಂಡಿನಲ್ಲಿ ಅಶ್ವಶಕ್ತಿಯೊಂದಕ್ಕೆ ವರ್ಷಕ್ಕೆ ಒಂದು ಪೌಂಡು ತೆರಬೇಕಾಗಿದ್ದಿತು. ಈ ಅಶ್ವಶಕ್ತಿಯು ಎಂಜಿನ್ನಿನ ನಿಜವಾದ ಬಲವಲ್ಲ. ಸಿಲಿಂಡರಿನ ವ್ಯಾಸವನ್ನೂ ಸಿಲಿಂಡರುಗಳ ಸಂಖ್ಯೆಯನ್ನೂ ಲೆಕ್ಕ ಹಾಕಿ ಬರೆದುಕೊಂಡ ಅಂಕಿ. ಅಮೆರಿಕೆಯ ಫೋರ್ಡ್ ಮಾಡೆಲ್ ಟಿ ಗಾಡಿಗೆ ಕರವು ೨೩ ಪೌಂಡಾದರೆ ಆಸ್ಟಿನ್ನಿಗೆ ೮ ಪೌಂಡು ಮಾತ್ರ. ಸಿಲಿಂಡರಿನ ಉದ್ದವನ್ನು ಸರಕಾರ ಅಳೆಯದೆ ಬಿಟ್ಟುದರಿಂದ, ಇಂಗ್ಲೆಂಡಿನ ಕಾರ್ಖಾನೆಗಳೆಲ್ಲ ಸಣಕಲು ಸಿಲಿಂಡರಿನ, ಉದ್ದ ಓಟದ ಎಂಜಿನ್ನುಗಳಿಗೆ ಕೈಹಾಕಿದುವು. ಕರವೂ ಒಬ್ಬ ಎಂಜಿನಿಯರನೇ ಎಂದು ನಮಗೆ ಆಗ ತೋರಿತು.

ಆಸ್ಟಿನ್ನನು ಗ್ರಾಹಕನೆಂದು ಎಣಿಸಿದ್ದು ಮೋಟಾರು ಸೈಕಲ್ಲಿಗೆ ಪಕ್ಕದ ತೊಟ್ಟಿಲನ್ನು ಕಟ್ಟಿಕೊಂಡು ಹೆಂಡತಿ ಮಕ್ಕಳನ್ನು ಕರೆದೊಯ್ಯುತ್ತಿದ್ದ ಗೃಹಸ್ಥನನ್ನು. ಮಳೆ ಬಂದರೆ ಗಂಡನಿಗೆ ಸೂರಿಲ್ಲ. ಎರಡನೆಯ ಮಗು ಹುಟ್ಟಿದರೆ ಅದಕ್ಕೆ ಜಾಗವಿಲ್ಲ. ಅಂಥವನಿಗೆ ೧೬೫ ಪೌಂಡಿಗೆ ನಾಲ್ಕು ಚಕ್ರಗಳೂ ಒಂದೇ ಟಾಪೂ ದೊರೆತವು. ೧೯೨೭ರಲ್ಲಿ ನಿಗದಿಯಾದ ವಿನಿಮಯದಂತೆ ಲೆಕ್ಕ ಹಾಕಿದರೆ, ಹಡಗಿನ ಬಾಡಿಗೆ ಸುಂಕಗಳನ್ನು ಬಿಟ್ಟು, ಇದು ಸುಮಾರು ೨,೨೦೦ ರೂಪಾಯಿ. ಸಾಮಾನ್ಯ ಗುಮಾಸ್ತನಿಗೆ ಇದು ನಿಲುಕುವ ಬೆಲೆಯಲ್ಲವಾದರೂ, ಆ ಕಾಲದ ಮೋಟಾರುಗಳ ನಡುವೆ ಅಗ್ಗವೆಂದೇ ಹೇಳಬೇಕು.

ಪುಸ್ತಕದ ಅಂಕಿಗಳನ್ನು ನೋಡಿ ತೀರ್ಪು ಹೇಳುವುದು ತರವಲ್ಲವೆಂದು, ಬರ್ಮಿಂಗ್‌ಹ್ಯಾಮಿನ ಬಳಿ ನೆಲಸಿರುವ ಮಿತ್ರರೊಬ್ಬರ ಮನೆಗೆ ಹೋದಾಗ ಅವರು ಜೋಪಾನವಾಗಿಟ್ಟಿರುವ ೧೯೨೬ರ ತೆರೆದ ಗಾಡಿಯನ್ನು ಅಳತೆಯ ಪಟ್ಟಿ ಹಿಡಿದು ನೋಡಿದೆವು. ಕೂತವರು ಒತ್ತೊತ್ತಾಗಿ ಗೆಳೆಯರಂತೆ ಇರಬೇಕಾಗುವುದರಿಂದ ಈ ಮಾದರಿಗೆ ಅಲ್ಲಿನ ಜನ ಚಮ್ಮಿ ಎಂದು ಹೆಸರಿಟ್ಟರು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ೬ ಅಡಿ ೩ ಅಂಗುಲ. ಅಂದರೆ ನಮ್ಮ ಮನೆಯ ಮಂಚದ ಉದ್ದ. ಎರಡು ಚಕ್ರಗಳ ನಡುವಣ ಅಗಲ ೩ ಅಡಿ ೪ ಅಂಗುಲ. ಆ ಮಂಚದಷ್ಟು ಉದ್ದದಲ್ಲಿ ಎಂಜಿನ್ನಿನ ಹಿಂಭಾಗ, ಗೇರು ಪೆಟ್ಟಿಗೆ, ಸಾರಥಿಯ ಕಾಲು, ಅವನ ಆಸನ, ಹಿಂದೆ ಕುಳಿತವರ ಕಾಲು, ಇಷ್ಟೂ ಅಡಗಬೇಕು. ಮೊದಲನೆಯ ಮೂರಕ್ಕೆ ಕಡಿತವಿಲ್ಲ. ಆದಕಾರಣ ಉಳಿತಾಯವೆಲ್ಲ ಹಿಂದಿನವರ ಮೊಣಕಾಲಿನ ಮೇಲೆಯೇ ಬೀಳುತ್ತದೆ. ಮುಂದಿನ ಆಸನವನ್ನು ಬಾಗಿಸಿಕೊಂಡು ನಾವು ಹಿಂದಕ್ಕೆ ನುಸುಳಿ ಕುಳಿತೆವು. ಕುಳಿತೆವೆನ್ನುವುದಕ್ಕಿಂತ ಮಡಿಸಿಕೊಂಡೆವೆನ್ನುವುದೇ ಸರಿ. ನಮ್ಮ ಪಕ್ಕದಲ್ಲಿ ಮಿತ್ರರ ಎಂಟು ವರ್ಷದ ಮಗನು ಕಾಲಾಡಿಸುತ್ತ ರಾಜನಂತೆ ಕುಳಿತಿದ್ದನು. ಗಾಡಿಯ ಯೋಗ್ಯತೆಯೆಲ್ಲ ಆ ಎರಡು ಚಿತ್ರಗಳಲ್ಲಿಯೇ ಇತ್ತು.

ಸಾಮಾನಿನ ಮಾತು ಇನ್ನೂ ಕಷ್ಟ. ಪೆಟ್ಟಿಗೆಯಿಡಲು ಬೇರೆ ಸ್ಥಳವಿಲ್ಲ. ಹಿಂದೆ ಇಬ್ಬರು ಕುಳಿತರೆ ಬುತ್ತಿಯ ಬುಟ್ಟಿಯನ್ನು ತೊಡೆಯ ಮೇಲೆಯೇ ಇಟ್ಟುಕೊಳ್ಳಬೇಕು.

ಗುಣಗಳನ್ನು ಹೇಳದಿದ್ದರೆ ಅನ್ಯಾಯವಾದೀತು. ಗಾಡಿಯ ತೂಕ ಸುಮಾರು ೩೬೦ ಕಿಲೋ. ಫೋರ್ಡಿನ ಅರ್ಧಕ್ಕೂ ಕಡಿಮೆ. ಆದುದರಿಂದಲೇ ೭೪೭ ಘನ ಸೆಂಟಿಮೀಟರಿನ, ಹತ್ತು ಅಶ್ವಶಕ್ತಿಯ ಎಂಜಿನ್ನು ಅದಕ್ಕೆ ಸಾಕಾಯಿತು. ನೀರನ್ನು ತಳ್ಳಲು ಪಂಪಿಲ್ಲ: ಬಚ್ಚಲ ಹಂಡೆಯಲ್ಲಿ ಕಾದ ನೀರು ಮೇಲಕ್ಕೂ ತಣ್ಣೀರು ಕೆಳಕ್ಕೂ ಸೇರುವಂತೆ, ಎಂಜಿನ್ನಿನಲ್ಲಿ ಕಾದ ನೀರು ತಾನೇ ಮೇಲೇರಿ ರೇಡಿಯೇಟರಿನಲ್ಲಿ ತಣಿದು ಕೆಳಗಿಳಿದು ಮತ್ತೆ ಎಂಜಿನ್ನನ್ನು ಸೇರುತ್ತದೆ. ಪೆಟ್ರೋಲಿನ ತೊಟ್ಟಿಯನ್ನು ಎತ್ತರದಲ್ಲಿಟ್ಟಿರುವುದರಿಂದ ಅದೂ ತಾನಾಗಿಯೇ ಹರಿದು ಬರುತ್ತದೆ. ಎಷ್ಟು ಉಳಿದಿದೆಯೆಂದು ತಿಳಿಯಲು ಕಡ್ಡಿಯನ್ನು ಅದ್ದಿ ನೋಡಬೇಕು. ಕೆಡುವ ಭಾಗಗಳು ಕಡಿಮೆಯಾದಷ್ಟೂ ದುರಸ್ತಿಯ ಖರ್ಚು ಕಡಿಮೆ. ಗ್ಯಾಲನ್ನಿಗೆ ನಲವತ್ತು ಮೈಲಿಗೂ ಮಿಕ್ಕು ಓಡುವ ಗಾಡಿ ಯಾವ ಯಜಮಾನನಿಗೆ ಬೇಡ?

ಬ್ರೇಕಿನ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ದೊಡ್ಡ ಗಾಡಿಗಳಲ್ಲಿಯೇ ಅನೇಕವಕ್ಕೆ ಹಿಂದಿನ ಎರಡು ಚಕ್ರಗಳಿಗಷ್ಟೇ ಬ್ರೇಕಿದ್ದ ಕಾಲದಲ್ಲಿ ಇದಕ್ಕೆ ನಾಲ್ಕೂ ಚಕ್ರಗಳಿಗೆ ಬ್ರೇಕಿದ್ದಿತೆಂಬುದು ದೊಡ್ಡ ಮಾತೇ. ಆದರೆ ೧೯೩೦ರವರೆಗೆ ಕಾಲಿನ ಪೆಡಲು ಹಿಂದಿನ ಚಕ್ರಗಳನ್ನೂ ಕೈಯ ಸನ್ನೆಯು ಮುಂದಿನ ಚಕ್ರಗಳನ್ನೂ ಬೇರೆಬೇರೆಯಾಗಿ ಹಿಡಿಯುತ್ತಿದ್ದುವು. ನಾಲ್ಕನ್ನೂ ಒಟ್ಟಿಗೆ ಹಿಡಿಯಬೇಕಾದರೆ ಕೈ ಕಾಲು ಎರಡೂ ಬೇಕು. ಹಿಡಿದರೂ ಬಿಗಿ ಸಾಲದು. ಕ್ಲಚ್ಚಿನ ಪೆಡಲಿಗೆ ಎರಡು ಬೆರಳಿನಷ್ಟು ಓಡಾಟವೂ ಇಲ್ಲ. ನಾವು ಅಭ್ಯಾಸವಿಲ್ಲದೆ ಪಾದವನ್ನೆತ್ತಿದಾಗ ಗಾಡಿ ಕಪ್ಪೆಯಂತೆ ಹಾರಿ ನಿಂತಿತು. ಲಿಕ್ಕಿ ಗುಡ್ಡದ ಏರಿನಲ್ಲಿ ಮಿತ್ರರೇ ನಡೆಸಿದರು. ಮೂರು ಗೇರುಗಳಲ್ಲಿ ಎರಡನೆಯದರಲ್ಲಿ ಅದು ಗೊಣಗುತ್ತ, ಆದರೆ ಎಲ್ಲಿಯೂ ನಿಲ್ಲದೆ, ಹತ್ತಿತು. ಟಾಪನ್ನು ಮಡಿಸಿದ್ದೆವು. ಎರಡು ಬದಿಯ ಬೇಲಿಗಳ ಹೂವಿನ ವಾಸನೆಯೂ ಹುಲ್ಲುಗಾವಲಿನ ಗಾಳಿಯೂ ಯಾವ ಗಾಜಿನ ಅಡ್ಡಿಯೂ ಇಲ್ಲದೆ ಬಂದುವು. ಮೊಣಕಾಲಿನ ನೋವು ಆ ಹೊತ್ತಿಗೆ ಮರೆತೇ ಹೋಯಿತೆಂದು ಒಪ್ಪಿಕೊಳ್ಳುತ್ತೇವೆ.

ನಮ್ಮ ತೀರ್ಪು ಇದು. ಇಬ್ಬರು ದೊಡ್ಡವರಿಗೂ ಹತ್ತು ವರ್ಷದೊಳಗಿನ ಇಬ್ಬರು ಮಕ್ಕಳಿಗೂ ಇದು ನಾಲ್ವರ ಗಾಡಿ. ನಾಲ್ವರು ದೊಡ್ಡವರಿಗೆ ಅಲ್ಲವೇ ಅಲ್ಲ. ಹಿರಿಯ ಮಗುವಿಗೆ ಮೂರು ವರ್ಷವಾದಾಗ ಕೊಂಡವನಿಗೆ ಏಳು ವರ್ಷದ ಸುಖ ಕಟ್ಟಿಟ್ಟದ್ದು; ಎಂಟಾದಾಗ ಕೊಂಡವನು ಎರಡೇ ವರ್ಷಕ್ಕೆ ಮಾರಬೇಕಾದೀತು. ತಯಾರಿಸಿದವರಿಗೂ ಇದು ತಿಳಿದಿದ್ದಿರಬೇಕು: ೧೯೩೧ರಲ್ಲಿ ಚಕ್ರಗಳ ಅಂತರವನ್ನು ೬ ಅಂಗುಲ ಹೆಚ್ಚಿಸಿದರು. ೧೯೩೯ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ಸುಮಾರು ೨,೯೦,೦೦೦ ಗಾಡಿಗಳು ಹೊರಬಿದ್ದಿದ್ದುವು. ಜರ್ಮನಿಯಲ್ಲಿ ಪರವಾನಗಿ ಪಡೆದು ಮಾಡಿದ ಡಿಕ್ಸಿ ಎಂಬ ಇದರ ಪ್ರತಿಯೇ ಮುಂದೆ ಬಿ.ಎಂ.ಡಬ್ಲ್ಯು. ಕಂಪೆನಿಯ ಮೊದಲ ಕಾರಾಯಿತು. ಈ ಹೊತ್ತು ಹಳೆಯದೊಂದನ್ನು ಕೊಳ್ಳಲೆಳಸುವವರು ಸೀಟುಬೆಲ್ಟಿಲ್ಲದ, ಮೇಲೆ ಬಟ್ಟೆಯಷ್ಟೇ ಇರುವ ಈ ಗಾಡಿಯಲ್ಲಿ ಲಾರಿಗಳ ಹೆದ್ದಾರಿಗೆ ಮಕ್ಕಳನ್ನು ಕರೆದೊಯ್ಯದಿರುವುದು ಲೇಸು. ಭಾನುವಾರದ ಹಳ್ಳಿಯ ದಾರಿಗೆ ಅಡ್ಡಿಯಿಲ್ಲ.

ಹಿಂದಿರುಗುವಾಗ ಮಳೆ ಹನಿಯಿತು. ಎಲ್ಲರೂ ಇಳಿದು ಟಾಪನ್ನೆತ್ತಿ, ಸೆಲ್ಯುಲಾಯ್ಡಿನ ಪಕ್ಕದ ಪರದೆಗಳನ್ನು ಸಿಕ್ಕಿಸುವಷ್ಟರಲ್ಲಿ ನೆನೆಯಬೇಕಾದಷ್ಟು ನೆನೆದಿದ್ದೆವು. ಹಳದಿಗಟ್ಟಿದ ಆ ಪರದೆಯೊಳಗಿನಿಂದ ಊರೆಲ್ಲ ಸಂಜೆಯಂತೆ ಕಾಣುತ್ತಿದ್ದಿತು. ಮುಂದಿನ ವರ್ಷ ಹುಡುಗನನ್ನು ಮುಂದೆ ಕೂರಿಸಬೇಕಾಗುತ್ತದೆಂದು ಮಿತ್ರರು ಹೇಳಿದರು. ಹಾಗಾದರೆ ತಾವು ಬಸ್ಸಿನಲ್ಲಿ ಬರುವುದಾಗಿ ಅವರ ಶ್ರೀಮತಿಯವರು ಮುಂದಿನ ಆಸನದಿಂದ ತಿರುಗಿ ನೋಡದೆಯೇ ತಿಳಿಸಿದರು.