ಫಾರ್ಮಿನಲ್ಲಿ ಬಿಟ್ಟ ಸಾಲು

ಮೆಟ್ರೊದಲ್ಲಿ ಎರಡು ಸಲ ಎಚ್ಚರ ತಪ್ಪಿ ಬಿದ್ದೆ. ಕಾರಣ ತಿಳಿಯಲು ಲೂಪ್ ರೆಕಾರ್ಡರ್ ಹಾಕೋಣ ಎಂದರು ಇಂದಿರಾನಗರದ ಹೃದಯ ವೈದ್ಯರು. ಪೆನ್‌ಡ್ರೈವ್‌ಗಿಂತ ಚಿಕ್ಕ ಸಾಧನ, ಎದೆಯ ಚರ್ಮದಡಿ ಕೂತು ಹೃದಯದ ಬಡಿತವನ್ನು ವರ್ಷಗಟ್ಟಲೆ ದಾಖಲಿಸುತ್ತದೆ. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್, ಸಂಜೆಗೆ ಮನೆ.

ಫಾರ್ಮಿನಲ್ಲಿ 'ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು' ಎಂಬ ಸಾಲಿತ್ತು. ಪಕ್ಕದಲ್ಲಿ ಅಪ್ಪ. 'ಇಲ್ಲ' ಎಂದು ಬರೆದೆ.

ಮೂರನೇ ಸೆಮಿಸ್ಟರ್‌ನಲ್ಲಿ ಬ್ಯಾಕ್‌ಲಾಗ್ ಉಳಿದು, ನಿದ್ದೆ ಕೆಟ್ಟು, ಖಿನ್ನತೆಗೆ ಎಸ್ಸಿಟಾಲೋಪ್ರಾಮ್ ಶುರುವಾಗಿತ್ತು. ಮನೆಯಲ್ಲಿ ಅಕ್ಕನಿಗೆ ಮಾತ್ರ ಗೊತ್ತು. ಬರೆದ ಸುಳ್ಳನ್ನು ನಿಜ ಮಾಡೋಣವೆಂದು ಮಾತ್ರೆಯನ್ನೇ ನಿಲ್ಲಿಸಿಬಿಟ್ಟೆ. ಇಂಜಿನಿಯರ್ ಬುದ್ಧಿ ನೋಡಿ! ಮೂರನೇ ದಿನಕ್ಕೆ ತಲೆಯೊಳಗೆ ಕರೆಂಟ್ ಹೊಡೆದಂತೆ, ಸುಮ್ಮಸುಮ್ಮನೆ ಸಿಟ್ಟು, ರಾತ್ರಿಯಿಡೀ ಎಚ್ಚರ. 'ಡಾಕ್ಟರಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?' ಎಂದಳು ಅಕ್ಕ.

ಅಪ್ಪನ ಎದುರಿಗೇ ಹೇಳಿದೆ. ವೈದ್ಯರು ಬೈಯಲಿಲ್ಲ, ಮತ್ತೊಮ್ಮೆ ಇಸಿಜಿ ಮಾಡಿಸಿದರು. ಈ ಮಾತ್ರೆ ಕೆಲವರಲ್ಲಿ ಇಸಿಜಿಯ 'ಕ್ಯೂಟಿ' ಅವಧಿಯನ್ನು ಉದ್ದ ಮಾಡಬಹುದಂತೆ. ಎಚ್ಚರ ತಪ್ಪುವುದಕ್ಕೆ ಕಾರಣ ಹುಡುಕುವವರಿಂದ ನಾನು ಮುಚ್ಚಿಟ್ಟದ್ದು ಅದನ್ನೇ. ರಕ್ತಸ್ರಾವದ ಸಾಧ್ಯತೆಯೂ ಸ್ವಲ್ಪ ಹೆಚ್ಚುತ್ತದೆ. ಹಾಗಂತ ಥಟ್ಟನೆ ನಿಲ್ಲಿಸುವಂತಿಲ್ಲ. ನನ್ನ ಮನೋವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿ ಮಾತಾಡಿ, ಅದೇ ಡೋಸ್ ಮುಂದುವರಿಸಲು ಹೇಳಿದರು. ನಿದ್ದೆ ಮಾತ್ರೆಯೇನಾದರೂ ಇದೆಯಾ ಎಂದೂ ಕೇಳಿದರು. ಮಂಪರಿನ ಔಷಧಿ ಕೊಡಬೇಕಾಗಿ ಬಂದರೆ ಎರಡೂ ಸೇರಿ ಉಸಿರಾಟ ನಿಧಾನವಾದೀತು.

ಕೆ.ಆರ್. ಪುರಕ್ಕೆ ವಾಪಸ್ ಬರುವಾಗ ಬೈಯಪ್ಪನಹಳ್ಳಿ ದಾಟುವವರೆಗೂ ಅಪ್ಪ ಮಾತಾಡಲಿಲ್ಲ. ಆಮೇಲೆ ಕೇಳಿದರು: 'ಆ ಮಾತ್ರೆ ಊಟಕ್ಕೆ ಮುಂಚೆನಾ, ಆದ್ಮೇಲಾ?'