ರಸೀದಿಯ ಮೇಲಿನ ದಿನಾಂಕ

ದುಡಿಯುವ ಶಕ್ತಿಯೂ ಮನಸ್ಸೂ ಇದ್ದು ಕೆಲಸ ಸಿಗದವರಿಗೆ ಸರ್ಕಾರ ಒಂದು ಗೊತ್ತಾದ ಅವಧಿಯವರೆಗೆ ಕೊಡುವ ಹಣಕ್ಕೆ ನಿರುದ್ಯೋಗ ಭತ್ಯೆ ಎಂದು ಹೆಸರು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಈ ಭತ್ಯೆ ಮುಖ್ಯವಾಗಿ ಎರಡು ರೂಪಗಳಲ್ಲಿದೆ. ಉದ್ಯೋಗ ಖಾತರಿ ಕಾಯ್ದೆಯಡಿ ಕೆಲಸ ಕೇಳಿಯೂ ಸಿಗದ ಕೂಲಿಕಾರರಿಗೆ ಸಲ್ಲಬೇಕಾದದ್ದು ಒಂದು. ಪದವಿ ಅಥವಾ ಡಿಪ್ಲೊಮಾ ಮುಗಿಸಿ ಖಾಲಿ ಕುಳಿತ ಯುವಜನರಿಗೆ ಕರ್ನಾಟಕ ಸರ್ಕಾರ ಕೊಡುವ ಯುವನಿಧಿ ಇನ್ನೊಂದು. ಮೊದಲನೆಯದು ಕಾಯ್ದೆಯ ಪುಸ್ತಕದಲ್ಲಿ ಗಟ್ಟಿಯಾಗಿದ್ದರೂ ಕೂಲಿಕಾರರ ಕೈಗೆ ಬರುವುದು ಅಪರೂಪ. ಎರಡನೆಯದು ಕೈಗೆ ಬರುತ್ತದೆ, ಆದರೆ ಎರಡೇ ವರ್ಷದಲ್ಲಿ ಮುಗಿದುಹೋಗುತ್ತದೆ. ಎರಡಕ್ಕೂ ಆಧಾರವಾಗಿರುವುದು ಒಂದೇ ಸಣ್ಣ ಸಂಗತಿ, ಅದೆಂದರೆ ಕಾಗದದ ಮೇಲೆ ಬರೆದ ಅಥವಾ ಕಂಪ್ಯೂಟರಿನಲ್ಲಿ ನಮೂದಿಸಿದ ಒಂದು ದಿನಾಂಕ.

ಈ ನಾಲ್ಕು ತಾಲ್ಲೂಕುಗಳು ಉತ್ತರದ ಭೀಮಾ ಮತ್ತು ದಕ್ಷಿಣದ ಕೃಷ್ಣಾ ನದಿಗಳ ನಡುವೆ ಹರಡಿಕೊಂಡ ಎರೆಭೂಮಿಯ ಸೀಮೆಗೆ ಸೇರಿದವು. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲ್ಲೂಕುಗಳು ಈಚಿನ ವರ್ಷಗಳಲ್ಲಿ ಇವುಗಳಿಂದಲೇ ಬೇರ್ಪಟ್ಟಿವೆ. ಕಾಲುವೆ ನೀರು ಮುಟ್ಟಿದ ಊರುಗಳಲ್ಲಿ ಕಬ್ಬು, ಇಂಡಿಯ ಸುತ್ತ ಲಿಂಬೆ ತೋಟಗಳಿದ್ದರೂ ಒಣಬೇಸಾಯದ ಹೊಲಗಳಲ್ಲಿ ಇಂದಿಗೂ ಮುಂಗಾರಿಗೆ ತೊಗರಿ, ಹತ್ತಿ, ಹಿಂಗಾರಿಗೆ ಬಿಳಿಜೋಳ, ಕಡಲೆ. ತೊಗರಿ ರಾಶಿ ಡಿಸೆಂಬರ್–ಜನವರಿಯಲ್ಲಿಯೂ ಜೋಳದ ಸುಗ್ಗಿ ಫೆಬ್ರುವರಿ–ಮಾರ್ಚ್‌ನಲ್ಲಿಯೂ ಮುಗಿದ ಮೇಲೆ ಮಿರಗದ ಮಳೆ ಬೀಳುವವರೆಗೆ ಹೊಲದಲ್ಲಿ ಕೂಲಿ ಇರುವುದಿಲ್ಲ. ಹಿಂಗಾರಿ ಮಳೆ ಕೈಕೊಟ್ಟ ವರ್ಷವಾದರೆ ಈ ಬಿಡುವು ದೀಪಾವಳಿಯ ಬೆನ್ನಿಗೇ ಆರಂಭವಾಗುತ್ತದೆ. ಆಗ ಮನೆಗೆ ಕೀಲಿ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೂ ಗೋವಾ, ಮಂಗಳೂರು, ಬೆಂಗಳೂರುಗಳ ಕಟ್ಟಡ ಕೆಲಸಕ್ಕೂ ಕುಟುಂಬಗಳು ಹೊರಡುತ್ತವೆ. ಗುಳೆ ಎಂದು ಜನ ಕರೆಯುವ ಈ ಹೋಗುವಿಕೆಯನ್ನು ತಡೆಯುವುದು ಉದ್ಯೋಗ ಖಾತರಿಯ ಆಶಯಗಳಲ್ಲಿ ಒಂದಾಗಿತ್ತು.

ಬರದ ಹೊತ್ತಿಗೆ ಕೆಲಸ ಕೊಟ್ಟು ಜನರನ್ನು ಉಳಿಸಬೇಕೆಂಬ ವಿಚಾರ ಈ ಸೀಮೆಗೆ ಹೊಸದಲ್ಲ. 1876–78ರ ಮಹಾಬರದಲ್ಲಿ ಮುಂಬಯಿ ಪ್ರಾಂತದ ಸರ್ಕಾರ ಪರಿಹಾರ ಕಾಮಗಾರಿಗಳನ್ನು ನಡೆಸಿತು. ಅನಂತರ 1880ರ ದಶಕದಲ್ಲಿ ಬಂದ ಹೊಟಗಿ–ಗದಗ ರೈಲು ಮಾರ್ಗದ ಹಿಂದೆಯೂ ಬರಪೀಡಿತ ಸೀಮೆಗೆ ಧಾನ್ಯ ತಲುಪಿಸುವ ಉದ್ದೇಶವಿತ್ತು. ಇಂಡಿ ರೋಡ್ ಮತ್ತು ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳು ಅದೇ ಮಾರ್ಗದ ಮೇಲಿವೆ. ಆದರೆ ಆ ಕಾಮಗಾರಿಗಳು ಸರ್ಕಾರ ದಯೆಯಿಂದ ತೆರೆದು ತನಗೆ ತೋಚಿದಾಗ ಮುಚ್ಚುತ್ತಿದ್ದಂಥವು. ಕೆಲಸ ಕೇಳುವುದು ಹಕ್ಕು ಎಂಬ ಮಾತು ಕಾಯ್ದೆಯಾಗಿ ಮೊದಲು ಬಂದದ್ದು ಭೀಮೆಯ ಆಚೆ ದಂಡೆಯಲ್ಲಿ: 1972ರ ಬರದ ಅನುಭವದಿಂದ ಮಹಾರಾಷ್ಟ್ರ 1977ರಲ್ಲಿ ಉದ್ಯೋಗ ಖಾತರಿ ಕಾಯ್ದೆಯನ್ನು ರಚಿಸಿ, ಕೆಲಸ ಕೊಡಲಾಗದಿದ್ದರೆ ದಿನಕ್ಕೆ ಒಂದು ರೂಪಾಯಿ ಭತ್ಯೆ ಎಂದು ಗೊತ್ತುಮಾಡಿತು. ಮೊತ್ತ ಚಿಕ್ಕದಾದರೂ ತತ್ತ್ವ ದೊಡ್ಡದು, ಏಕೆಂದರೆ ಕೆಲಸ ಕೊಡದೆ ಇದ್ದುದಕ್ಕೆ ಸರ್ಕಾರವೇ ತೆರಬೇಕಾದ ಬೆಲೆ ಅದು. ಇದೇ ತತ್ತ್ವ 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯೊಳಗೆ ಸೇರಿ, 2008ರ ಏಪ್ರಿಲ್ 1ರಂದು ಕಾಯ್ದೆಯ ಮೂರನೆಯ ಹಂತದಲ್ಲಿ ವಿಜಯಪುರ ಜಿಲ್ಲೆಗೆ ಬಂದಿತು.

ಜನರ ಬಾಯಲ್ಲಿ ನರೇಗಾ ಎಂದಾಗಿರುವ ಈ ಕಾಯ್ದೆಯ ಪ್ರಕಾರ, ಜಾಬ್ ಕಾರ್ಡ್ ಇರುವ ಕುಟುಂಬದ ವಯಸ್ಕರು ಗ್ರಾಮ ಪಂಚಾಯಿತಿಗೆ ಕೆಲಸದ ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಸಿಗಬೇಕು. ಸಿಗದಿದ್ದರೆ ಹದಿನಾರನೆಯ ದಿನದಿಂದ ನಿರುದ್ಯೋಗ ಭತ್ಯೆ ಶುರುವಾಗುತ್ತದೆ. ಮೊದಲ 30 ದಿನಗಳಿಗೆ ಅದು ಕೂಲಿ ದರದ ನಾಲ್ಕನೆಯ ಒಂದು ಪಾಲಿಗಿಂತಲೂ, ಆ ಆರ್ಥಿಕ ವರ್ಷದ ಉಳಿದ ಅವಧಿಗೆ ಅರ್ಧಕ್ಕಿಂತಲೂ ಕಡಿಮೆ ಇರುವಂತಿಲ್ಲ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಆ ಲೆಕ್ಕದಲ್ಲಿ ಮೊದಲ ತಿಂಗಳ ಭತ್ಯೆ ದಿನಕ್ಕೆ 92 ರೂಪಾಯಿ 50 ಪೈಸೆಯಂತೆ 2,775 ರೂಪಾಯಿ, ಅನಂತರದ್ದು ದಿನಕ್ಕೆ 185 ರೂಪಾಯಿ. ಸಲ್ಲಬೇಕಾದ ದಿನದಿಂದ 15 ದಿನಗಳೊಳಗೆ ಈ ಹಣವನ್ನು ಕೊಡಬೇಕು. ಕೊಡಲಾಗದಿದ್ದರೆ ಅದರ ಕಾರಣವನ್ನು ಪಂಚಾಯಿತಿಯ ಸೂಚನಾ ಫಲಕದ ಮೇಲೆ ಬರೆಯಬೇಕು ಎಂದೂ ಕಾಯ್ದೆ ಹೇಳುತ್ತದೆ.

ಇಷ್ಟು ಸ್ಪಷ್ಟವಾಗಿರುವ ಹಕ್ಕು ಏಕೆ ಫಲಿಸುವುದಿಲ್ಲ ಎಂಬುದಕ್ಕೆ ಉತ್ತರ ಹಣದ ಮೂಲದಲ್ಲಿದೆ. 2005ರ ಕಾಯ್ದೆಯಡಿ ಅಕುಶಲ ಕೂಲಿಯ ಹಣವನ್ನು ಕೇಂದ್ರ ಸರ್ಕಾರ ಕೊಟ್ಟರೆ ನಿರುದ್ಯೋಗ ಭತ್ಯೆಯನ್ನು ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಕೊಡಬೇಕು. ಆದ್ದರಿಂದ ಭತ್ಯೆ ಹುಟ್ಟದಂತೆ ನೋಡಿಕೊಳ್ಳುವ ಒತ್ತಡ ಮೇಲಿನಿಂದ ಕೆಳಗಿನವರೆಗೂ ಇರುತ್ತದೆ. ಭತ್ಯೆ ಹುಟ್ಟದಂತೆ ಮಾಡುವುದಕ್ಕೆ ಕಾಯ್ದೆಯನ್ನು ಮುರಿಯಬೇಕಾಗಿಲ್ಲ, ಅರ್ಜಿಯನ್ನು ಬಾಯಿಮಾತಿನಲ್ಲಿ ಕೇಳಿ ಕಳಿಸಿದರೆ ಸಾಕು. ನಮೂನೆ 6 ಎಂದು ಕರೆಯುವ ಅರ್ಜಿಯನ್ನು ತೆಗೆದುಕೊಂಡು ದಿನಾಂಕ ಹಾಕಿದ ಸ್ವೀಕೃತಿ ಕೊಡದಿದ್ದರೆ, ಅಥವಾ ಕಾಮಗಾರಿ ಮಂಜೂರಾಗಿ ಎನ್‌ಎಂಆರ್ ತೆಗೆಯುವ ದಿನವೇ ಆ ಅರ್ಜಿಯನ್ನು ಕಂಪ್ಯೂಟರಿಗೆ ಹಾಕಿದರೆ, ದಾಖಲೆಯಲ್ಲಿ ಕೆಲಸ ಕೇಳಿದ ದಿನವೂ ಕೊಟ್ಟ ದಿನವೂ ಅಕ್ಕಪಕ್ಕದಲ್ಲಿಯೇ ಕಾಣುತ್ತವೆ. ಎನ್‌ಎಂಆರ್ ಎಂದರೆ ಯಾವ ಕೆಲಸಕ್ಕೆ ಯಾರ ಹೆಸರು ಎಂದು ಬರೆದ ಹಾಜರಿ ಪಟ್ಟಿ. ಒಂದು ತಿಂಗಳು ಕಾದ ಹೆಣ್ಣುಮಗಳು ಆ ದಾಖಲೆಯ ಪ್ರಕಾರ ಒಂದು ದಿನವೂ ಕಾದಿಲ್ಲ. ಕೂಲಿಕಾರರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಈ ವ್ಯವಸ್ಥೆಯಲ್ಲಿ ಬೇರೆ ಇಲ್ಲ, ಏಕೆಂದರೆ ಹಣ ತಡವಾದರೆ ಕೇಳಲು ಆಧಾರವಿರುತ್ತದೆ, ದಿನಾಂಕವೇ ಇಲ್ಲವಾದರೆ ಕೇಳುವ ಬಾಯಿಯೇ ಮುಚ್ಚಿಹೋಗುತ್ತದೆ.

ಕೆಲಸ ಸಿಕ್ಕವರಿಗೆ ಎದುರಾಗುವುದು ಕೂಲಿಯ ವಿಳಂಬ. ಬದು ಹಾಕುವುದೋ ಕೃಷಿ ಹೊಂಡ ತೋಡುವುದೋ ನಾಲೆಯ ಹೂಳೆತ್ತುವುದೋ, ಯಾವ ಕೆಲಸವಾದರೂ ಎನ್‌ಎಂಆರ್ ಮುಗಿದ ಮೇಲೆ ಎಂಜಿನಿಯರ್ ಬಂದು ಅಳತೆ ಪುಸ್ತಕ ಬರೆಯಬೇಕು. ಅದರ ಮೇಲೆ ಕೂಲಿ ಪಟ್ಟಿ ಆಗಬೇಕು. ಆಮೇಲೆ ಎಫ್‌ಟಿಒ, ಅಂದರೆ ನಿಧಿ ವರ್ಗಾವಣೆ ಆದೇಶ, ಎರಡು ಡಿಜಿಟಲ್ ಸಹಿಗಳೊಂದಿಗೆ ಹೊರಡಬೇಕು. ಅಲ್ಲಿಗೆ ರಾಜ್ಯದ ಪಾಲಿನ ಹಂತ ಮುಗಿಯುತ್ತದೆ. ಅನಂತರ ಕೇಂದ್ರದ ಖಜಾನೆಯಿಂದ ಹಣ ಬಿಡುಗಡೆಯಾಗಿ ಆಧಾರ್ ಜೋಡಣೆಯ ಖಾತೆಗೆ ಜಮಾ ಆಗುವುದು ಎರಡನೆಯ ಹಂತ. ಎನ್‌ಎಂಆರ್ ಮುಗಿದು 15 ದಿನ ಕಳೆದರೆ, ಹದಿನಾರನೆಯ ದಿನದಿಂದ ಬಾಕಿ ಕೂಲಿಯ ಮೇಲೆ ದಿನಕ್ಕೆ ಶೇಕಡಾ 0.05ರಷ್ಟು ಪರಿಹಾರ ಸಲ್ಲಬೇಕೆಂಬ ನಿಯಮವಿದೆ. ಆರು ದಿನ ದುಡಿದವರ ಕೂಲಿ 2,220 ರೂಪಾಯಿ ಬಾಕಿ ಉಳಿದರೆ ಈ ಪರಿಹಾರ ದಿನಕ್ಕೆ ಒಂದು ರೂಪಾಯಿ 11 ಪೈಸೆ. ಒಂದು ತಿಂಗಳು ತಡವಾದರೆ 33 ರೂಪಾಯಿ 30 ಪೈಸೆ. ಅಷ್ಟರೊಳಗೆ ಕಿರಾಣಿ ಅಂಗಡಿಯ ಉದ್ದರಿ ಬೆಳೆದಿರುತ್ತದೆ, ಕೈಸಾಲದ ಬಡ್ಡಿ ಇದನ್ನು ಮೀರಿ ಏರಿರುತ್ತದೆ. ಈ ಚಿಕ್ಕ ಪರಿಹಾರವನ್ನೂ ಬಹುಕಾಲ ಮೊದಲ ಹಂತದ ವಿಳಂಬಕ್ಕೆ ಮಾತ್ರ ಲೆಕ್ಕ ಹಾಕಲಾಗುತ್ತಿತ್ತು. ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ 2018ರ ಮೇ 18ರಂದು ಸುಪ್ರೀಂ ಕೋರ್ಟ್, ಸಕಾಲದಲ್ಲಿ ಕೂಲಿ ಪಡೆಯುವುದು ಕೆಲಸಗಾರರ ಹಕ್ಕೆಂದೂ ಕೇಂದ್ರ ತನ್ನ ಹೊಣೆಯಿಂದ ಜಾರಿಕೊಳ್ಳುವಂತಿಲ್ಲವೆಂದೂ ಹೇಳಿತು.

ವಿಳಂಬದ ಇನ್ನೊಂದು ಬಗೆ ಖಾತೆಗೆ ಸಂಬಂಧಿಸಿದ್ದು. 2024ರ ಜನವರಿ 1ರಿಂದ ನರೇಗಾ ಕೂಲಿಗೆ ಆಧಾರ್ ಆಧಾರಿತ ಪಾವತಿ ಕಡ್ಡಾಯವಾಗಿದ್ದು, ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಖಾತೆ ಯಾವುದೋ ಅದಕ್ಕೆ ಹಣ ಹೋಗುತ್ತದೆ. ಎರಡು ಮೂರು ಯೋಜನೆಗಳಿಗಾಗಿ ಎರಡು ಮೂರು ಕಡೆ ಖಾತೆ ತೆರೆದ ಮಹಿಳೆಯರ ಪಗಾರ ಅವರು ಪಾಸ್‌ಬುಕ್ ಹಿಡಿದು ಹೋದ ಬ್ಯಾಂಕಿನಲ್ಲಿ ಇಲ್ಲದೆ, ಅಂಚೆ ಕಚೇರಿಯ ಖಾತೆಯಲ್ಲಿ ಸದ್ದಿಲ್ಲದೆ ಕುಳಿತಿರುವುದು ಇದರಿಂದಲೇ. ಎನ್‌ಪಿಸಿಐ ಲಿಂಕ್, ಅಂದರೆ ಈ ಆಧಾರ್ ಜೋಡಣೆ, ಯಾವ ಬ್ಯಾಂಕಿಗಿದೆ ಎಂದು ಕೇಳಿ ತಿಳಿಯುವುದು ಹಣ ಬಂದಿಲ್ಲವೆಂದು ದೂರು ಕೊಡುವುದಕ್ಕಿಂತ ಮೊದಲಿನ ಕೆಲಸ.

ಇನ್ನು ಮುಗಿದುಹೋಗುವ ಮಾತು. 2005ರ ಕಾಯ್ದೆ ಕೊಟ್ಟದ್ದು ವರ್ಷಕ್ಕೆ 100 ದಿನ, ಅದೂ ಒಬ್ಬರಿಗಲ್ಲ, ಇಡೀ ಕುಟುಂಬಕ್ಕೆ. ತಂದೆ, ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು ಒಂದೇ ಜಾಬ್ ಕಾರ್ಡಿನಲ್ಲಿದ್ದರೆ ಒಬ್ಬೊಬ್ಬರ ಪಾಲಿಗೆ ಹದಿನೇಳು ದಿನವೂ ಬರುವುದಿಲ್ಲ. ಎಲ್ಲರೂ ಒಟ್ಟಿಗೆ ಬೇಸಿಗೆಯ ಕೆಲಸಕ್ಕೆ ಇಳಿದರೆ ಏಪ್ರಿಲ್ ಮುಗಿಯುವ ಮೊದಲೇ ವರ್ಷದ ಹಕ್ಕು ತೀರುತ್ತದೆ. ನೂರು ದಿನ ಮುಗಿದಾವ ಎಂಬ ಮಾತು ಪಂಚಾಯಿತಿ ಕಟ್ಟೆಯ ಮೇಲೆ ಕೇಳಿಬಂದ ಮೇಲೆ ನಿರುದ್ಯೋಗ ಭತ್ಯೆಯ ಬಾಗಿಲೂ ಮುಚ್ಚುತ್ತದೆ, ಏಕೆಂದರೆ ಕುಟುಂಬ ಪಡೆದ ಕೂಲಿ ಮತ್ತು ಭತ್ಯೆ ಸೇರಿ 100 ದಿನದ ಕೂಲಿಗೆ ಸಮವಾದ ದಿನ ರಾಜ್ಯದ ಹೊಣೆ ಕೊನೆಗೊಳ್ಳುತ್ತದೆ. ಕರೆದ ಕೆಲಸಕ್ಕೆ 15 ದಿನಗಳೊಳಗೆ ಹೋಗದವರು ಅಥವಾ ಅನುಮತಿಯಿಲ್ಲದೆ ತಿಂಗಳಲ್ಲಿ ಒಂದು ವಾರಕ್ಕಿಂತ ಹೆಚ್ಚು ತಪ್ಪಿಸಿದವರು ಮೂರು ತಿಂಗಳು ಭತ್ಯೆ ಕೇಳುವಂತಿಲ್ಲ, ಆದರೆ ಕೆಲಸ ಕೇಳುವ ಅವರ ಹಕ್ಕು ಹಾಗೆಯೇ ಉಳಿಯುತ್ತದೆ. ಕಾಯ್ದೆ ಕುಟುಂಬವನ್ನು ಗುರುತಿಸುವುದು ಒಟ್ಟಿಗೆ ವಾಸಿಸಿ ಒಟ್ಟಿಗೆ ಉಣ್ಣುವವರು ಎಂದು. ಆದ್ದರಿಂದ ಒಲೆ ಬೇರೆಯಾದ ಅಣ್ಣತಮ್ಮಂದಿರು ಬೇರೆ ಜಾಬ್ ಕಾರ್ಡ್ ಕೇಳುವುದು ಉಪಾಯವಲ್ಲ, ನ್ಯಾಯವೇ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಬದಲಿಗೆ ಜಿ ರಾಮ್ ಜಿ ಎಂಬ ಸಂಕ್ಷಿಪ್ತ ಹೆಸರಿನ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ದಿನಗಳ ಸಂಖ್ಯೆ 125ಕ್ಕೆ ಏರಿದೆ, ಆದರೆ ವೆಚ್ಚವನ್ನು ಕೇಂದ್ರ ಮತ್ತು ಬಹುತೇಕ ರಾಜ್ಯಗಳು 60:40ರಂತೆ ಹಂಚಿಕೊಳ್ಳಬೇಕಾಗಿದೆ, ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಲು ಅವಕಾಶವಿದೆ, ಭತ್ಯೆಯ ಹೊಣೆ ಮಾತ್ರ ರಾಜ್ಯದ ಮೇಲೆಯೇ ಇದೆ. ಮುಂಗಾರಿಯೂ ಹಿಂಗಾರಿಯೂ ನಡೆಯುವ ಈ ಸೀಮೆಯಲ್ಲಿ ಆ 60 ದಿನಗಳನ್ನು ಯಾವ ತಿಂಗಳಿಗೆ ಇಡುತ್ತಾರೆ ಎಂಬುದು ಬಡವರ ಮಟ್ಟಿಗೆ 25 ಹೆಚ್ಚುವರಿ ದಿನಗಳಿಗಿಂತ ಮುಖ್ಯವಾದ ಪ್ರಶ್ನೆ: ಹಿಂಗಾರಿ ಬಿತ್ತದೇ ಹೋದ ವರ್ಷ ಸುಗ್ಗಿಯ ಹೆಸರಿನಲ್ಲಿ ಕೆಲಸ ನಿಲ್ಲಿಸಿದರೆ ಹೊಲದಲ್ಲಿಯೂ ಕೂಲಿಯಿಲ್ಲ, ಪಂಚಾಯಿತಿಯಲ್ಲಿಯೂ ಇಲ್ಲ.

ಓದಿದವರ ಕಥೆ ಬೇರೆ ದಾರಿಯದು. ಯುವನಿಧಿಗೆ ನೋಂದಣಿ 2023ರ ಡಿಸೆಂಬರ್ 26ರಂದು ಆರಂಭವಾಗಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಹಣ ಬಿಡುಗಡೆಯಾಯಿತು. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ. ಕೆಲಸ ಸಿಗುವವರೆಗೆ, ಇಲ್ಲವೇ ಹೆಚ್ಚೆಂದರೆ ಎರಡು ವರ್ಷ. ಮೊದಲು ಅರ್ಹರಾದವರು 2022–23ನೇ ಸಾಲಿನಲ್ಲಿ ತೇರ್ಗಡೆಯಾದವರು, ಅನಂತರ ಮುಂದಿನ ಸಾಲಿನವರು ಸೇರಿದರು; ಮೇಲಿನ ಓದಿಗೆ ಸೇರಿದವರಿಗೂ ಅಪ್ರೆಂಟಿಸ್ ಆದವರಿಗೂ ಇದು ಇಲ್ಲ. ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿದರೆ ಮುಗಿಯುವುದಿಲ್ಲ, ತನಗೆ ಇನ್ನೂ ಕೆಲಸ ಸಿಕ್ಕಿಲ್ಲವೆಂಬ ಸ್ವಯಂ ಘೋಷಣೆಯನ್ನು ಮತ್ತೆ ಮತ್ತೆ ಕೊಡಬೇಕು. ಯೋಜನೆಯ ಆರಂಭದಲ್ಲಿ ಅದು ಪ್ರತಿ ತಿಂಗಳು 25ರೊಳಗೆ ಆಗಬೇಕಿತ್ತು. ನೆಟ್‌ವರ್ಕ್ ಸಿಗದೆಯೋ, ಸಂಖ್ಯೆ ಬದಲಾಗಿ ಒಟಿಪಿ ಬಾರದೆಯೋ, ದಿನ ಮರೆತೋ ಘೋಷಣೆ ತಪ್ಪಿದರೆ ಹಣ ನಿಲ್ಲುತ್ತದೆ. ಪದವೀಧರರಿಗೆ 24 ತಿಂಗಳಲ್ಲಿ ಬರುವ ಒಟ್ಟು ಮೊತ್ತ 72,000 ರೂಪಾಯಿ. ಅದು ಕೆಲಸ ಹುಡುಕುವ ಖರ್ಚಿಗೆ, ಅರ್ಜಿ ಶುಲ್ಕಕ್ಕೆ, ವಿಜಯಪುರಕ್ಕೋ ಧಾರವಾಡಕ್ಕೋ ಹೋಗಿ ಪರೀಕ್ಷೆ ಬರೆದು ಬರುವುದಕ್ಕೆ ನೆರವಾಗುತ್ತದೆ; ಇಪ್ಪತ್ತೈದನೆಯ ತಿಂಗಳಿಗೆ ಏನು ಎಂಬುದಕ್ಕೆ ಯೋಜನೆಯಲ್ಲಿ ಉತ್ತರವಿಲ್ಲ. ಮೊದಲ ತಂಡದವರಲ್ಲಿ ಕೆಲಸ ಸಿಗದೆ ಉಳಿದವರಿಗೆ ಆ ತಿಂಗಳು 2026ರ ಆರಂಭದಲ್ಲಿಯೇ ಬಂತು.

ಇವೆರಡಲ್ಲದೆ, ಇಎಸ್‌ಐ ವಿಮೆಯುಳ್ಳ ಕಾರ್ಖಾನೆ ಕೆಲಸಗಾರರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ ಸರಾಸರಿ ಸಂಬಳದ ಅರ್ಧದಂತೆ 90 ದಿನಗಳ ಭತ್ಯೆ ಇದೆ. ಹೊಲ, ಕಟ್ಟಡ, ಕಬ್ಬಿನ ಗದ್ದೆಗಳಲ್ಲಿ ದುಡಿಯುವ ಬಹುಪಾಲು ಜನರಿಗೆ ಅದು ಸಂಬಂಧಿಸುವುದಿಲ್ಲ.

ಅವರ ಕೈಯಲ್ಲಿ ಉಳಿಯುವುದು ಅರ್ಜಿಯೇ. ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಕೊಟ್ಟ ದೂರನ್ನು ಏಳು ದಿನಗಳೊಳಗೆ ಇತ್ಯರ್ಥಪಡಿಸಬೇಕೆಂದು 2005ರ ಕಾಯ್ದೆ ವಿಧಿಸಿತು; ಅಲ್ಲಿಂದ ಮೇಲೆ ಜಿಲ್ಲೆಗೊಬ್ಬರು ಓಂಬುಡ್ಸ್‌ಮನ್ ಇದ್ದಾರೆ, ಗ್ರಾಮಸಭೆಯ ಸಾಮಾಜಿಕ ಪರಿಶೋಧನೆ ಇದೆ. ಆದರೆ ಈ ಎಲ್ಲರೂ ಮೊದಲು ಕೇಳುವುದು ಕೆಲಸ ಬೇಕೆಂದು ಅರ್ಜಿ ಕೊಟ್ಟದ್ದು ಯಾವಾಗ ಎಂದು. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಯಾವ ಊರಿನಲ್ಲಿಯಾದರೂ ಓದುಬರಹ ಬಲ್ಲವರು, ಯುವನಿಧಿ ಪಡೆಯುತ್ತಿರುವ ಮಕ್ಕಳೂ ಸೇರಿ, ತಮ್ಮ ಓಣಿಯ ಕೂಲಿಕಾರರ ಜೊತೆ ಒಮ್ಮೆ ಪಂಚಾಯಿತಿಗೆ ಹೋಗಬೇಕು. ನಮೂನೆ 6ನ್ನು ತುಂಬಿಕೊಟ್ಟು, ಸಹಿ, ಮೊಹರು ಮತ್ತು ಅಂದಿನ ದಿನಾಂಕವಿರುವ ಸ್ವೀಕೃತಿ ಕೈಗೆ ಬಂದ ಮೇಲೆಯೇ ಅಲ್ಲಿಂದ ಹೊರಡಬೇಕು.